ಜೋಪಾನ, ಒಳಗೆ ನಾಯಿ ಇದೆ

ಕೊಂಡ ಕಾರನ್ನು ಸುಮ್ಮನೆ ಮನೆ ಮುಂದೆ ನಿಲ್ಲಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಮ್ಮ ಡಿಸ್ಪ್ಯಾಚ್ ಗುಮಾಸ್ತ ಅದನ್ನು ಆಫೀಸಿಗೆ ತಂದ. ತಂದದ್ದಷ್ಟೇ ಅಲ್ಲ, ಸಾಹೇಬರ ಕಾರಿನ ಪಕ್ಕಕ್ಕೇ ನಿಲ್ಲಿಸಿದ. ಮೂರು ಜನರ ಕೈ ದಾಟಿ ಬಂದ, ಒಂದು ಬಾಗಿಲಿನ ಬಣ್ಣ ಇನ್ನೊಂದಕ್ಕೆ ಹೊಂದದ ಕಾರು ಅದು. ಆದರೂ ಕಾರು ಕಾರೇ ತಾನೇ. ಸಾಹೇಬರು ಕಿಟಕಿಯಿಂದ ಕಾರನ್ನು ನೋಡಿದರು, ಕಾರಿನಿಂದ ಇಳಿದವನನ್ನು ನೋಡಿದರು, ಗಳಿಗೆ ಹೊತ್ತು ಏನೋ ಯೋಚಿಸಿ ಬೆಲ್ ಒತ್ತಿದರು.

ಅದು ತೂಕದ ಯಂತ್ರಗಳನ್ನು ಮಾಡಿ ಮಾರುವ ಕಂಪನಿ. ಮಾಲು ಕಟ್ಟಿ, ವಿಳಾಸ ಅಂಟಿಸಿ ಕಳಿಸುವುದು ಗುಮಾಸ್ತನ ಕೆಲಸ. ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಪಟ್ಟಿ ಬಿಗಿದು ಕಳಿಸಿದ ಪೆಟ್ಟಿಗೆ ಲಾರಿಯಿಂದ ಉರುಳಿದರೂ ಒಳಗಿನ ಮುಳ್ಳು ಅಲ್ಲಾಡುತ್ತಿರಲಿಲ್ಲ. ಎಡವಟ್ಟಾಗುತ್ತಿದ್ದದ್ದು ವಿಳಾಸದಲ್ಲಿ. ಒಮ್ಮೆ ಹೆರಿಗೆ ಆಸ್ಪತ್ರೆಗೆ ಹೋಗಬೇಕಾದ ಪುಟ್ಟ ಯಂತ್ರ ಗುಜರಿ ಅಂಗಡಿಗೂ, ಗುಜರಿಯವನ ಕಬ್ಬಿಣ ತೂಗುವ ಯಂತ್ರ ಹೆರಿಗೆ ಆಸ್ಪತ್ರೆಗೂ ಹೋಗಿ ಕೂತವು. ಆ ವಾರ ಹುಟ್ಟಿದ ಕೂಸುಗಳಿಗೆ ತೂಕವೇ ಇಲ್ಲವಲ್ಲ ಎಂದು ನರ್ಸುಗಳು ಕಂಗಾಲಾದರು. ಅಂದಿನಿಂದ ಆಫೀಸಿನಲ್ಲಿ ಅವನ ಹೆಸರು ಎಡವಟ್ಟು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಅಂಥವನನ್ನು ಸಾಹೇಬರು ಕುರ್ಚಿ ತೋರಿಸಿ ಕೂರಿಸಿದರು. ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಇನ್ನು ಮೇಲೆ ಇವರ ಜೊತೆಗೇ ಇರಲು ಬರುತ್ತಿದ್ದಾರೆ. ಅವರಿಗೊಂದು ನಾಯಿ ಇದೆ. ಅದು ಮೊದಲು ಬರಬೇಕು, ಆಮೇಲೆ ಅತ್ತೆ. ನಾಳೆ ಕಾರಿನಲ್ಲಿ ಹೋಗಿ ಅದನ್ನು ಕರೆತಂದುಬಿಡು, ರಜೆ ಹಾಕಬೇಡ, ಆನ್ ಡ್ಯೂಟಿ ಅಂತಲೇ ಬರೆದುಕೋ ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ನಿನ್ನ ವರ್ಗಾವಣೆ ವಿಷಯ ನನ್ನ ಮನಸ್ಸಲ್ಲಿದೆ. ನಾಯಿ ಕೆಲಸ ಮುಗೀಲಿ, ಮಾತಾಡೋಣ" ಎಂದು ಸೇರಿಸಿದರು.

ಗುಮಾಸ್ತ ಕುರ್ಚಿಯ ತುದಿಗೆ ಸರಿದ. ಆ ವರ್ಗಾವಣೆಗಾಗಿ ಅವನು ಬಾಯಿ ಬಾಯಿ ಬಿಡುತ್ತಿದ್ದ. ಹೆಂಡತಿಗೆ ದೂರದ ಇನ್ನೊಂದು ಊರಿನ ಅಂಚೆ ಕಚೇರಿಯಲ್ಲಿ ಕೆಲಸ, ಮಗಳೂ ಅಲ್ಲೇ. ಕಂಪನಿಯ ಶಾಖೆಯೂ ಅಲ್ಲೊಂದಿತ್ತು. ತಿಂಗಳಿಗೊಮ್ಮೆ ಹೋಗಿ ಬರುವ ಇವನನ್ನು ಮಗಳು 'ಅಂಕಲ್' ಎನ್ನುತ್ತಿದ್ದಳು. ಹೋದ ಸಲ ಸಂಜೆಯಾಗುತ್ತಲೇ ಚಪ್ಪಲಿ ತಂದು ಮುಂದಿಟ್ಟು, ನಿಮ್ಮ ಮನೆಗೆ ಯಾವಾಗ ಹೋಗ್ತೀರಿ ಎಂದು ಕೇಳಿಬಿಟ್ಟಿದ್ದಳು. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಅತ್ತಿದ್ದ. ಸಾಲ ಸೋಲ ಮಾಡಿ ಈ ಕಾರು ಕೊಂಡದ್ದೂ ವಾರಕ್ಕೊಮ್ಮೆಯಾದರೂ ಆ ಮಗುವಿಗೆ ಮುಖ ತೋರಿಸೋಣ ಎಂದೇ.

ಸುದ್ದಿ ಆಫೀಸಿನಲ್ಲಿ ಹಬ್ಬಿತು. ಕ್ಯಾಷಿಯರಮ್ಮ ಕ್ಯಾಷ್ ಕೌಂಟರ್ ಮುಚ್ಚಿ ಎದ್ದು ಬಂದರು. ಮನೆಯಲ್ಲಿ ನಾಯಿಗಳನ್ನು ಸಾಕಿದ್ದರಿಂದ ಆ ವಿಷಯದಲ್ಲಿ ಅವರ ಮಾತೇ ಮಾತು. ನಾಯಿಯನ್ನು ಹಿಂದಿನ ಸೀಟಿನಲ್ಲೇ ಕೂರಿಸಬೇಕು, ಕುತ್ತಿಗೆಗಲ್ಲ ಎದೆಗೆ ಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸೇರಿಸಬೇಕು, ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಕೂಡದು, ತಲೆ ಹೊರಗೆ ಹಾಕಲು ಬಿಡಕೂಡದು, ಕಿಟಕಿ ಎರಡು ಬೆರಳಷ್ಟೇ ತೆಗೆದಿರಬೇಕು, ಬಿಸಿಲಲ್ಲಿ ಕಾರೊಳಗೆ ಬಿಟ್ಟು ಹೋದರೆ ಅದು ಕೊಲೆಗೆ ಸಮ. ಇಷ್ಟೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ಇದು ಪರೀಕ್ಷೆ ಕಣೋ. ನಿನ್ನ ಕೈಲಿ ಜವಾಬ್ದಾರಿ ಆಗುತ್ತೋ ಇಲ್ವೋ ಅಂತ ನೋಡ್ತಾ ಇದ್ದಾರೆ. ಈ ಸಲ ಎಡವಿದ್ಯೋ, ವರ್ಗಾವಣೆ ಕನಸಲ್ಲೂ ಇಲ್ಲ" ಎಂದರು.

ಮರುದಿನ ಬೆಳಗಾಗುವ ಮುಂಚೆಯೇ ಗುಮಾಸ್ತ ಹೊರಟ. ಡಿಕ್ಕಿಯಲ್ಲಿ ಪ್ಯಾಕಿಂಗ್ ಪಟ್ಟಿ, ರಟ್ಟು, ಅಂಟು ಟೇಪು, ಹಳೆಯ ಕಂಬಳಿ. ನಾಯಿಯನ್ನು ತಲುಪಿಸಬೇಕಾದ ವಿಳಾಸವನ್ನು ಮಾತ್ರ ನಾಲ್ಕು ಕಡೆ ಬರೆದಿಟ್ಟುಕೊಂಡಿದ್ದ, ಒಂದನ್ನು ಅಂಗೈ ಮೇಲೂ.

ಸಾಹೇಬರ ಅತ್ತೆ ಹೆಡ್‌ಮಿಸ್ಸಾಗಿ ನಿವೃತ್ತರಾದವರು. ಬಾಗಿಲು ತೆಗೆದವರೇ ಮೊದಲು ಅವನ ಬೂಟು ನೋಡಿದರು, ಆಮೇಲೆ ಉಗುರು. ಅವರ ಹಿಂದೆ ನಿಂತಿತ್ತು ನಾಯಿ. ಸೊಂಟದೆತ್ತರ, ಪರೀಕ್ಷೆ ಕೊಠಡಿಯಲ್ಲಿ ಅಡ್ಡಾಡುವ ಮೇಷ್ಟರಂಥ ಮುಖ. ಹೆಸರು ಮಾನಿಟರ್. ಅದು ಸುಮ್ಮನೆ ಕೂರು ಎಂದರೆ ಕೂರುವುದಿಲ್ಲ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಬೇಕು ಎಂದು ಆಕೆ ತೋರಿಸಿಕೊಟ್ಟರು. ಕೈ ಕಟ್ಟಿ ಕೂತ್ಕೋ ಎಂದದ್ದೇ ತಡ, ಅದು ಕೂತು ಮುಂಗಾಲಿನ ಮೇಲೆ ಮುಂಗಾಲು ಹಾಕಿಕೊಂಡಿತು.

ಗುಮಾಸ್ತ ಅಲ್ಲಿ ತನ್ನ ವಿದ್ಯೆಯನ್ನೆಲ್ಲ ಸುರಿದ. ಅಗಲದ ಪಟ್ಟಿಯನ್ನು ನಾಯಿಯ ಎದೆಗೆ ಸುತ್ತಿ, ಒಳಗೆ ಕಂಬಳಿಯ ತುಂಡು ಹೊಲಿದು, ಬೆಲ್ಟಿಗೆ ಸಿಕ್ಕಿಸಿದ. ಮುಂದಿನ ಸೀಟಿನ ಬೆನ್ನಿಗೆ ರಟ್ಟು ಕಟ್ಟಿ, ಬ್ರೇಕ್ ಹಾಕಿದರೂ ಮೂತಿ ತಾಗದ ಹಾಗೆ ಮೆತ್ತನೆ ಮಾಡಿದ. ಹೆಡ್‌ಮಿಸ್ಸು ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ ತಲೆಯಾಡಿಸಿದರು. ಕಾರು ಹೊರಡುವಾಗ ಕಿಟಕಿಯ ಹತ್ತಿರ ಬಗ್ಗಿ ಹೇಳಿದರು: "ನೋಡಪ್ಪಾ, ಮಾನಿಟರ್ ಇಲ್ಲದ ಮನೇಲಿ ನಾನು ಒಂದು ದಿನವೂ ಇರೋಳಲ್ಲ. ಅದು ಕ್ಷೇಮವಾಗಿ ತಲುಪ್ತು ಅಂತ ಫೋನ್ ಬಂದ್ರೆ ನಾಳೆ ಬೆಳಿಗ್ಗೆ ರೈಲು ಹತ್ತುತ್ತೀನಿ. ಇಲ್ಲ ಅಂದ್ರೆ ಆ ಮನೆ ಹೊಸ್ತಿಲು ತುಳಿಯಲ್ಲ."

ಪಾಪ, ಸಾಹೇಬರು ಅಲ್ಲಿ ಅತ್ತೆಯ ದಾರಿ ಕಾಯುತ್ತಾ ಎಷ್ಟು ಆತಂಕದಲ್ಲಿದ್ದಾರೋ ಎಂದುಕೊಂಡ ಗುಮಾಸ್ತ. ತನ್ನ ಸಂಸಾರ ಒಂದಾಗುವುದೂ ಸಾಹೇಬರ ಸಂಸಾರ ಒಂದಾಗುವುದೂ ಈಗ ಹಿಂದಿನ ಸೀಟಿನಲ್ಲಿ ಕೈ ಕಟ್ಟಿ ಕೂತಿತ್ತು.

ಊರು ದಾಟಿದ ಮೇಲೆ ಗೊತ್ತಾಯಿತು, ಕಾರು ಸ್ವಲ್ಪ ವೇಗ ಹಿಡಿದರೆ ಮಾನಿಟರ್ ಮುಗಿಲು ಹರಿಯುವಂತೆ ಊಳಿಡುತ್ತದೆ. ವೇಗ ತಗ್ಗಿಸಿದರೆ ಬಾಯಿ ಮುಚ್ಚುತ್ತದೆ. ಹೀಗಾಗಿ ಹೆದ್ದಾರಿಯಲ್ಲಿ ಕಾರು ಆಮೆಯಾಯಿತು. ಲಾರಿಗಳು ಹಾರ್ನ್ ಹೊಡೆದು ದಾಟಿದವು, ಟ್ರ್ಯಾಕ್ಟರ್ ದಾಟಿತು, ಸೈಕಲ್ಲಿನ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ದಾಟುವಾಗ ಒಳಗೆ ಇಣುಕಿ, ಕೆಟ್ಟು ನಿಂತಿದೆಯಾ ಅಣ್ಣ, ತಳ್ಳಲಾ ಎಂದು ಕೇಳಿದ.

ಅಷ್ಟರಲ್ಲಿ ಸಾಹೇಬರ ಫೋನು. ಕಾರು ಓಡಿಸುತ್ತಾ ಫೋನ್ ಎತ್ತಬಾರದೆಂದು ಗುಮಾಸ್ತ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಬೆಲ್ಟ್ ಗಿಲ್ಟ್ ಕಟ್ಟಿ ಮೂಕಪ್ರಾಣಿಗೆ ಹಿಂಸೆ ಕೊಡಬೇಡ, ಬಿಚ್ಚಿಬಿಡು, ಕಿಟಕಿ ಪೂರ್ತಿ ಇಳಿಸು, ಗಾಳಿ ಬರಲಿ ಎಂದರು ಸಾಹೇಬರು. ಇವನು ಗೊಂದಲಕ್ಕೆ ಬಿದ್ದು ಕ್ಯಾಷಿಯರಮ್ಮನಿಗೆ ಫೋನ್ ಮಾಡಿದ. ಅವರು ನಕ್ಕೇಬಿಟ್ಟರು. ಪರೀಕ್ಷೆ ಅಂತ ಹೇಳಿರಲಿಲ್ಲವಾ, ಹೂಂ ಅನ್ನು, ಮಾಡಬೇಡ ಎಂದರು. ಇನ್ನೊಂದಿಷ್ಟು ದೂರ ಹೋಗುವಷ್ಟರಲ್ಲಿ ಮತ್ತೆ ಸಾಹೇಬರು. ದಾರಿಯಲ್ಲಿ ದೊಡ್ಡ ಕಾಡು ಸಿಗುತ್ತದೆ, ಅಲ್ಲಿ ನಾಯಿಯನ್ನು ಬಿಚ್ಚಿ ಬಿಟ್ಟು ನೀನು ಒಂದು ನಿದ್ದೆ ತೆಗಿ, ಆಯಾಸ ಮಾಡಿಕೊಳ್ಳಬೇಡ ಎಂದರು. ಅಬ್ಬಾ, ಎಂಥ ಕಠಿಣ ಪ್ರಶ್ನೆಪತ್ರಿಕೆ ಎಂದುಕೊಂಡ ಗುಮಾಸ್ತ. ಆಗಲಿ ಸಾರ್ ಎಂದ. ಕಾಡು ಬಂದಾಗ ಕಿಟಕಿಯನ್ನು ಇನ್ನೊಂದು ಬೆರಳು ಮೇಲೇರಿಸಿದ.

ಗ್ರಹಚಾರ ಬಂದದ್ದು ಪೆಟ್ರೋಲ್ ಬಂಕಿನಲ್ಲಿ. ಮಾನಿಟರಿಗೆ ವಾಂತಿಯಾಯಿತು. ಸೀಟು ತೊಳೆಯಲು ನೀರು ತರೋಣವೆಂದು ಗುಮಾಸ್ತ ಬಕೆಟ್ ಹುಡುಕಿಕೊಂಡು ಇಳಿದ. ಕೀ ಕಾರಿನಲ್ಲೇ ಇತ್ತು. ನಾಯಿ ಹೊರಳಿ ಬಾಗಿಲಿನ ಲಾಕ್ ಗುಂಡಿಯ ಮೇಲೆ ಕಾಲಿಟ್ಟಿತು. ಟಕ್ ಎಂದು ನಾಲ್ಕೂ ಬಾಗಿಲು ಲಾಕ್ ಆದವು. ಮೇಲೆ ನಡುನೆತ್ತಿಯ ಬಿಸಿಲು.

ಜನ ಸೇರಲು ಎಷ್ಟು ಹೊತ್ತು ಬೇಕು? ನಾಯಿಯನ್ನು ಬಿಸಿಲಲ್ಲಿ ಕೂಡಿಹಾಕಿದ ಪಾಪಿ ಎಂದು ಒಬ್ಬಾಕೆ ಬೈದರು. ತಂತಿ ತೂರಿಸಿ ಎಂದ ಒಬ್ಬ. ತಂತಿ ತೂರಿಸಿದರೆ ಕಣ್ಣಿಗೆ ಚುಚ್ಚುತ್ತೆ ಎಂದ ಇನ್ನೊಬ್ಬ. ಮೂರನೆಯವನು ಮಾತಾಡದೆ ಫೋಟೋ ತೆಗೆದ. ಒಳಗೆ ಮಾನಿಟರ್ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಗುಮಾಸ್ತನಿಗೊಂದು ಉಪಾಯ ಹೊಳೆಯಿತು. ನಾಯಿ ಕಾಲೆತ್ತಿದರೆ ಲಾಕ್ ಗುಂಡಿಗೆ ತಾಗಬಹುದು. ಕಿಟಕಿಯ ಸಂದಿಗೆ ಬಾಯಿಟ್ಟು, ಕೈ ಎತ್ತು ಎಂದು ಕೂಗಿದ. ನಾಯಿ ತಕ್ಷಣ ಕೈ ಎತ್ತಿತು, ಒಂದಕ್ಕೆ ಹೋಗಲು ಮಿಸ್ಸನ್ನು ಕೇಳುವ ಮಗುವಿನ ಹಾಗೆ ಎತ್ತಿಯೇ ಹಿಡಿದುಕೊಂಡಿತು. ಲಾಕ್ ಮಾತ್ರ ಬಿಚ್ಚಲಿಲ್ಲ.

ಇನ್ನು ನೋಡುತ್ತಾ ನಿಲ್ಲಲು ಅವನಿಂದಾಗಲಿಲ್ಲ. ಕಾರು ಕೊಂಡು ಇನ್ನೂ ಒಂದು ಕಂತೂ ಕಟ್ಟಿಲ್ಲವೆಂಬುದು ನೆನಪಿತ್ತು. ಆದರೂ ಕಲ್ಲೆತ್ತಿಕೊಂಡು ಮುಂದಿನ ಕಿಟಕಿಯ ಗಾಜು ಒಡೆದ. ಕೈ ಹಾಕಿ ಬಾಗಿಲು ತೆರೆದು, ನಾಯಿಯನ್ನು ನೆರಳಿಗೆ ಕರೆತಂದು ನೀರು ಕುಡಿಸಿದ. ಅಂಗಾಲಿಗೆ ಗಾಜು ಚುಚ್ಚಿದೆಯೇನೋ ನೋಡೋಣವೆಂದು ಪಟ್ಟಿ ಬಿಚ್ಚಿದ. ಆ ಹೊತ್ತಿಗೇ ಎಲ್ಲೋ ಹಿಂದಿನ ಬೀದಿಯಲ್ಲಿ ಗಂಟೆ ಬಾರಿಸಿತು. ಮಾನಿಟರ್ ಕಿವಿ ನಿಮಿರಿಸಿತು. ಮರುಗಳಿಗೆ ಅಲ್ಲಿ ಪಟ್ಟಿ ಇತ್ತು, ನಾಯಿ ಇರಲಿಲ್ಲ.

ಬೀದಿ ಬೀದಿ ಅಲೆದ. ಸಿಕ್ಕ ಸಿಕ್ಕವರನ್ನು ಕೇಳಿದ. ಕೊನೆಗೆ ಕಾಲು ಸೋತು ಒಂದು ಅಂಗಡಿಯ ಮೆಟ್ಟಿಲಿನ ಮೇಲೆ ಕುಸಿದು ಕೂತಾಗ ಫೋನ್ ಬಡಿದುಕೊಂಡಿತು. ಸಾಹೇಬರು. ಸುಳ್ಳು ಹೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

"ಸಾರ್, ನಾಯಿ ಓಡಿಹೋಯ್ತು ಸಾರ್."

ಸಾಹೇಬರು ಅವನೊಡನೆ ಹಿಂದೆಂದೂ ಆಡದ ಮೃದುವಾದ ದನಿಯಲ್ಲಿ, "ಊಟ ಆಯ್ತೇನಯ್ಯಾ?" ಎಂದು ಕೇಳಿದರು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹುಡುಕುತ್ತಾ ಅಲೆಯಬೇಡ, ಯಾರೋ ಪುಣ್ಯಾತ್ಮರು ಸಾಕಿಕೊಳ್ಳುತ್ತಾರೆ, ನೀನು ನಿಧಾನವಾಗಿ ಬಂದುಬಿಡು, ವರ್ಗಾವಣೆಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು.

ಬೈದಿದ್ದರೆ ಗುಮಾಸ್ತ ಬದುಕಿಕೊಳ್ಳುತ್ತಿದ್ದ. ಹೋದ ವರ್ಷ ಸ್ಟೋರ್ ಕೀಪರನನ್ನು ಕೆಲಸದಿಂದ ತೆಗೆದ ದಿನವೂ ಸಾಹೇಬರು ಹೀಗೆಯೇ ಕೂರಿಸಿ, ಬೆನ್ನು ಸವರಿ, ಟೀ ತರಿಸಿಕೊಟ್ಟಿದ್ದರು. ಆಯಿತು, ವರ್ಗಾವಣೆ ಹೋಯಿತು, ಕೆಲಸವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ ಕರುಳು ಹಿಂಡಿದ್ದು ಸಾಹೇಬರ ದೊಡ್ಡತನ. ಅತ್ತೆ ಮನೆಗೆ ಬರುವುದೇ ತಪ್ಪಿಹೋಯಿತು, ಆ ದುಃಖವನ್ನೆಲ್ಲ ನುಂಗಿಕೊಂಡು ತನ್ನ ಊಟದ ವಿಚಾರ ಕೇಳುತ್ತಿದ್ದಾರಲ್ಲ! ಇಂಥ ಮನುಷ್ಯನಿಗೆ ದ್ರೋಹ ಮಾಡಿ ಯಾವ ಮುಖ ಹೊತ್ತು ಬದುಕುವುದು? ಸತ್ತರೂ ಸರಿ, ನಾಯಿಯನ್ನು ಹುಡುಕಿಯೇ ತೀರುತ್ತೇನೆ ಎಂದು ಅವನು ಕಣ್ಣೊರೆಸಿಕೊಂಡು ಎದ್ದ.

ಏಳುವಾಗಲೇ ಮತ್ತೆ ಗಂಟೆ ಬಾರಿಸಿತು. ಶಾಲೆಯ ಗಂಟೆ. ಅಯ್ಯೋ ನನ್ನ ಮಂಕೇ ಎಂದು ಹಣೆ ಚಚ್ಚಿಕೊಂಡು ಓಡಿದ.

ಮೂರನೆಯ ಕೊಠಡಿಯಲ್ಲಿ ಮಗ್ಗಿ ನಡೆಯುತ್ತಿತ್ತು. ಕೊನೆಯ ಬೆಂಚಿನಲ್ಲಿ, ಇಬ್ಬರು ಮಕ್ಕಳ ನಡುವೆ, ಕೈ ಕಟ್ಟಿಕೊಂಡು ಕೂತಿತ್ತು ಮಾನಿಟರ್. ಗುಮಾಸ್ತ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ. ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, ಏನ್ ಸಾರ್ ಎಂದಳು. ನಾಯಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೇಷ್ಟರಿಗಂತೂ ಅದನ್ನು ಬಿಟ್ಟುಕೊಡುವ ಮನಸ್ಸೇ ಇರಲಿಲ್ಲ. ಅದು ಬಂದು ಕೂತಾಗಿನಿಂದ ಕ್ಲಾಸಿನಲ್ಲಿ ಪಿಟ್ಟೆನ್ನುವವರಿಲ್ಲ, ಇಂಥ ಶಿಸ್ತನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಬೇಕಿದ್ದರೆ ಪೀರಿಯಡ್ ಮುಗಿಯುವ ತನಕ ನೀವೂ ಕೂತಿರಿ ಎಂದು ಬೆಂಚು ತೋರಿಸಿದರು.

ಗುಮಾಸ್ತ ಹೋಗಿ ನಾಯಿಯ ಪಕ್ಕ ಕೂತ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅಂಗಿಯ ತುಂಬ ವಾಂತಿ, ಬೆರಳಲ್ಲಿ ರಕ್ತ, ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇಲ್ಲ. ಇಷ್ಟು ವರ್ಷದ ಬಾಳಿನಲ್ಲಿ ತಾನು ತಲುಪಿದ ಜಾಗ ಇದು, ಕೊನೆಯ ಬೆಂಚು, ನಾಯಿಯ ಪಕ್ಕ ಎಂದುಕೊಂಡಾಗ ದುಃಖ ಉಮ್ಮಳಿಸಿ ಬಂತು. ಆ ಹೊತ್ತಿಗೇ ಮೇಷ್ಟರು ಅವನ ಕಡೆ ಬೆರಳು ಮಾಡಿ, ಹದಿಮೂರು ಏಳಲಿ ಎಷ್ಟು ಎಂದರು. ಅವನು ತಪ್ಪು ಹೇಳಿದ. ಎರಡು ಜಡೆಯ ಹುಡುಗಿ ತಿದ್ದಿದಳು.

ಗಂಟೆ ಬಾರಿಸಿದ ಮೇಲೆ ಮಾನಿಟರ್ ತಾನಾಗಿಯೇ ಎದ್ದು ಸಾಲಿನಲ್ಲಿ ಹೊರಗೆ ಬಂತು. ಗುಮಾಸ್ತ ಈ ಸಲ ಯಾವ ಎಡವಟ್ಟಿಗೂ ಎಡೆ ಕೊಡಲಿಲ್ಲ. ಪಟ್ಟಿಯನ್ನು ಎರಡು ಸುತ್ತು ಸುತ್ತಿ ಬಿಗಿದ. ಒಡೆದ ಕಿಟಕಿಗೆ ರಟ್ಟು ಹಚ್ಚಿ ಟೇಪು ಮೆತ್ತಿದ, ಅದರ ಮೇಲೆ ದಪ್ಪಕ್ಷರದಲ್ಲಿ 'ಜೋಪಾನ, ಒಳಗೆ ನಾಯಿ ಇದೆ' ಎಂದು ಬರೆದ. ಫೋನನ್ನು ಆರಿಸಿಯೇ ಇಟ್ಟ. ಮುಖ ನೋಡಿಯೇ ಸಾಹೇಬರು ಸಂತೋಷಪಡಲಿ, ಮೊದಲೇ ಹೇಳುವುದು ಬೇಡ ಎಂದುಕೊಂಡ. ಆಮೆಯ ವೇಗದಲ್ಲಿ, ಲಾರಿಗಳ ಬೈಗುಳ ಕೇಳುತ್ತಾ, ಹೊತ್ತು ಮುಳುಗುವ ಹೊತ್ತಿಗೆ ಸಾಹೇಬರ ಮನೆ ತಲುಪಿದ. ವಿಳಾಸವನ್ನು ಮೂರು ಸಲ ಅಂಗೈ ನೋಡಿ ಖಚಿತಪಡಿಸಿಕೊಂಡು ಗೇಟಿನ ಮುಂದೆ ನಿಲ್ಲಿಸಿದ.

ಸಾಹೇಬರು ನಗುನಗುತ್ತಾ, ಎರಡೂ ಕೈ ಚಾಚಿಕೊಂಡು ಬಂದರು. ಗುಮಾಸ್ತ ಹಿಂದಿನ ಬಾಗಿಲು ತೆರೆದ. ಮಾನಿಟರ್ ಇಳಿದು ಸಾಹೇಬರ ಮುಂದೆ ಕೈ ಕಟ್ಟಿ ಕೂತಿತು. ಅವರ ಕೈ ಚಾಚಿದಂತೆಯೇ ಇದ್ದವು, ನಗು ಮಾತ್ರ ಇರಲಿಲ್ಲ.

ಸಾಹೇಬರ ಹೆಂಡತಿ ಓಡಿ ಬಂದು ನಾಯಿಯನ್ನು ತಬ್ಬಿಕೊಂಡರು. ಅಲ್ಲಿಂದಲೇ ತಾಯಿಗೆ ಫೋನ್ ಹಚ್ಚಿದರು. ಮಾತು ಮುಗಿಸಿ ಫೋನನ್ನು ಇವನ ಕೈಗೇ ಕೊಟ್ಟರು. ನಿನ್ನಷ್ಟು ಜವಾಬ್ದಾರಿ ಇರುವವನನ್ನು ನಾನು ಕಂಡಿಲ್ಲ ಎಂದು ಹೆಡ್‌ಮಿಸ್ಸು ಬಾಯಿ ತುಂಬ ಹೊಗಳಿದರು. ಅಂಥ ಮಾತನ್ನು ಗುಮಾಸ್ತ ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೇನು, ವರ್ಗಾವಣೆ ಕೈಗೆ ಬಂದ ಹಾಗೆಯೇ ಎಂದು ಅವನ ಎದೆಯುಬ್ಬಿತು.

ಹೆಂಡತಿ, ನಾಯಿ ಒಳಗೆ ಹೋದ ಮೇಲೆ ಸಾಹೇಬರು ಅವನ ತೋಳು ಹಿಡಿದು ಕಾರಿನ ಮರೆಗೆ ಎಳೆದುಕೊಂಡು ಹೋದರು.

"ಆಫೀಸಲ್ಲಿ ಕಾರಿರೋನು ನೀನೊಬ್ಬನೇ ಅಂದ್ಕೊಂಡ್ಯಾ? ಎಲ್ಲರನ್ನೂ ಬಿಟ್ಟು ನಿನ್ನನ್ನೇ ಯಾಕೆ ಕಳಿಸಿದೆ ಗೊತ್ತಾ? ಕಳಿಸಿದ್ದನ್ನ ಒಂದು ಸಲವೂ ಹೇಳಿದ ಜಾಗಕ್ಕೆ ತಲುಪಿಸದೇ ಇರೋನು ಇಡೀ ಕಂಪನೀಲಿ ನೀನೊಬ್ಬನೇ ಕಣಯ್ಯ. ನಾಯಿ ಬಾರದಿದ್ರೆ ಅತ್ತೆ ಬರಲ್ಲ. ಅದಕ್ಕೇ ನಿನ್ನನ್ನ ನಂಬಿದೆ."

ಗುಮಾಸ್ತ ಕಿಟಕಿಯ ರಟ್ಟಿನ ಟೇಪನ್ನು ಬೆರಳಿನಿಂದ ಒತ್ತಿ ಅಂಟಿಸಿದ.

"ಬೆಲ್ಟ್ ಬಿಚ್ಚು ಅಂದೆ. ಕಿಟಕಿ ಇಳಿಸು ಅಂದೆ. ಕಾಡಲ್ಲಿ ಬಿಡು ಅಂದೆ. ಕೊನೆಗೆ ಓಡಿಹೋಯ್ತು ಅಂದೆ ನೀನು. ಹುಡುಕಬೇಡ ಅಂತ ಬಾಯಿಬಿಟ್ಟು ಹೇಳಿದೆನಲ್ಲ. ಫೋನ್ ಇಟ್ಟ ಕೂಡಲೇ ಮೊದಲು ಮಾಡಿದ ಕೆಲಸ ನಿನ್ನ ವರ್ಗಾವಣೆಗೆ ಸಹಿ ಹಾಕಿದ್ದು."

"ಹಾಕಿದ್ರಾ ಸಾರ್?" ಎಂದ ಗುಮಾಸ್ತ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

ಸಾಹೇಬರು ತಲೆಯಲ್ಲಾಡಿಸಿದರು. ಈಗಷ್ಟೇ ಅತ್ತೆಯ ಅಪ್ಪಣೆಯಾಗಿದೆಯಂತೆ. ಮಾನಿಟರಿಗೆ ಈ ಹುಡುಗನ ಕಾರು ಒಗ್ಗಿದೆ, ದಿನಾ ಬೆಳಿಗ್ಗೆ ಅವನೇ ಬಂದು ನಮ್ಮಿಬ್ಬರನ್ನೂ ಗಾಳಿ ಸೇವನೆಗೆ ಕರೆದುಕೊಂಡು ಹೋಗಲಿ, ಅವನನ್ನು ಈ ಊರು ಬಿಡಲು ಬಿಡಬೇಡಿ ಎಂದು ಮಗಳಿಗೆ ಹೇಳಿದ್ದಾರೆ. ಮಗಳು ಗಂಡನಿಗೆ ಹೇಳಿದ್ದಾಳೆ. ಸಾಹೇಬರಿಗೆ ಆಫೀಸಿನಲ್ಲಿ ಮೇಲಿನವರು ಬೇರೆ ಇರಬಹುದು, ಮನೆಯಲ್ಲಿ ಇವರಿಬ್ಬರೇ. ಸಹಿ ಹಾಕಿದ ಕಾಗದ ಒಲೆ ಸೇರುವುದೊಂದೇ ಬಾಕಿ ಇತ್ತು.

"ಎಷ್ಟು ದಿನ ಇರ್ತಾರೆ ಸಾರ್ ಅವರು?"

"ಅದನ್ನೇ ನಾನೂ ಕೇಳಿದೆ," ಎಂದು ಸಾಹೇಬರು ಕಾರಿಗೆ ಒರಗಿದರು. "ಅವರ ಅಮ್ಮ ತೊಂಬತ್ತಾರು ವರ್ಷ ಬದುಕಿದ್ರಂತೆ."

ಒಳಗಿನಿಂದ ಹೆಂಡತಿ ಕರೆದಾಗ ಸಾಹೇಬರು ಬೆನ್ನು ಬಗ್ಗಿಸಿಕೊಂಡು ನಡೆದರು.

ಗುಮಾಸ್ತ ಕಾರಿನೊಳಗೆ ಕೂತು ಫೋನಿಗೆ ಜೀವ ಕೊಟ್ಟ. ಅದು ಕಾಯುತ್ತಿದ್ದ ಹಾಗೆ ಬಡಿದುಕೊಂಡಿತು. ಹೆಂಡತಿ. ಮಧ್ಯಾಹ್ನದಿಂದ ಎಷ್ಟು ಸಲ ಮಾಡಿದ್ದಳೋ.

"ಏನಾಯ್ತು ರೀ? ನಾಯಿ ಕ್ಷೇಮವಾಗಿ ತಲುಪ್ತಾ?"

"ತಲುಪ್ತು."

"ಅಬ್ಬಾ, ಒಳ್ಳೇದಾಯ್ತು," ಎಂದಳು ಅವಳು. ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟೋ ತಿಂಗಳಾಗಿತ್ತು. "ಹಾಗಾದ್ರೆ ನೀವು ಯಾವತ್ತು ತಲುಪ್ತೀರಿ?"

ಗುಮಾಸ್ತ ಅಂಗೈ ನೋಡಿಕೊಂಡ, ಅಲ್ಲಿದ್ದದ್ದು ಸಾಹೇಬರ ಮನೆಯ ವಿಳಾಸ ಮಾತ್ರ. ಹಲೋ, ಹಲೋ ಎನ್ನುತ್ತಿದ್ದಳು ಅವಳು.